ಒಂದು ಪುಡಿ ಗಾಂಜಾಕ್ಕೆ ಎಷ್ಟು ಶಿಕ್ಷೆ?

ಗಾಂಜಾ ಕೇಸಿನ ಕಾಗದ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಪಂಚನಾಮೆಯಲ್ಲಿ ಬರೆದ ತೂಕವನ್ನು. ಆರೋಪಿಯ ಹೆಸರು, ವಯಸ್ಸು, ಸಿಕ್ಕ ಜಾಗ ಎಲ್ಲ ಆಮೇಲೆ. ಅವನಿಗೆ ಆಗಬಹುದಾದ ಶಿಕ್ಷೆಯ ಮಿತಿ ಒಂದು ವರ್ಷವೋ, ಹತ್ತು ವರ್ಷವೋ, ಇಪ್ಪತ್ತು ವರ್ಷವೋ ಎಂಬುದು ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ನಾನು ಅಕ್ಕಲಕೋಟೆ ತಾಲೂಕಿನವಳು. ಕನ್ನಡ ಶಾಲೆಯಲ್ಲಿ ಕಲಿತು, ಸೋಲಾಪುರದಲ್ಲಿ ಕಾನೂನು ಓದಿ, ಎರಡೂ ಊರಿನ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿಕೊಂಡು ಬಂದಿದ್ದೇನೆ. ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ನನ್ನ ಹೆಸರೂ ಇರುವುದರಿಂದ ಫೀ ಕೊಡಲಾಗದವರ ಕೇಸುಗಳು ನನ್ನ ಪಾಲಿಗೆ ಬರುತ್ತವೆ. ಪವರ್‌ಲೂಮಿನಲ್ಲಿ ಟವೆಲ್ ನೇಯುವ ಹುಡುಗ, ಮಾರ್ಕೆಟ್ ಯಾರ್ಡಿನ ಹಮಾಲ, ಢಾಬಾದಲ್ಲಿ ತಟ್ಟೆ ತೊಳೆಯುವವನು, ಕಾಲೇಜಿನ ಎರಡನೇ ವರ್ಷದವನು. ಕಿಸೆಯಲ್ಲಿ ಸಿಕ್ಕಿದ್ದು ಒಂದೋ ಎರಡೋ ಪುಡಿ. ಕೋರ್ಟಿನ ವರಾಂಡದಲ್ಲಿ ಅವರ ತಾಯಂದಿರು ಕೇಳುವ ಪ್ರಶ್ನೆ ಮಾತ್ರ ಬದಲಾಗುವುದೇ ಇಲ್ಲ: “ಅಕ್ಕಾರ, ಗಾಂಜಾ ಕೇಸಂದ್ರ ಹತ್ತ ವರ್ಷ ಒಳಗ ಹಾಕ್ತಾರಂತ ಮಂದಿ ಅಂತಾರಲ್ರೀ, ಖರೇ ಏನ್ರೀ?”

ಒಂದೆರಡು ಪುಡಿಗೆ ಅದು ಖರೇ ಅಲ್ಲ. ಸಣ್ಣ ಪ್ರಮಾಣಕ್ಕೆ ಕಾಯಿದೆ ಇಟ್ಟಿರುವ ಶಿಕ್ಷೆ ಸಣ್ಣದೇ. ಚಟಕ್ಕೆ ಬಿದ್ದವನಿಗೆ ಆಸ್ಪತ್ರೆಯ ದಾರಿಯನ್ನೂ ಅದೇ ಕಾಯಿದೆ ತೆರೆದಿಟ್ಟಿದೆ. ಆದರೆ ಈ ಎರಡು ಸಂಗತಿಗಳು ತಿಳಿಯುವ ಮೊದಲೇ ಹುಡುಗರು “ಕಬೂಲ್” ಎಂದು ದಂಡ ಕಟ್ಟಿ ಹೊರಬಿದ್ದಿರುತ್ತಾರೆ. ಅದನ್ನು ತಡೆಯಬೇಕೆಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ತೂಕದ ಮೂರು ಮೆಟ್ಟಿಲು

ಎನ್‌ಡಿಪಿಎಸ್ ಎಂದು ಎಲ್ಲರ ಬಾಯಲ್ಲಿರುವ ಮಾದಕ ವಸ್ತುಗಳ ಕಾಯಿದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಗಾಂಜಾ ಮತ್ತು ಚರಸ್ಸಿನ ಶಿಕ್ಷೆ ಅದರ 20ನೇ ಕಲಮಿನಲ್ಲಿದೆ. ಈಗಿನ ಲೆಕ್ಕ ಹೀಗಿದೆ. ಗಾಂಜಾ 1,000 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ಸಣ್ಣ ಪ್ರಮಾಣ. ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಅಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯೇ ಇಲ್ಲ, ಇಪ್ಪತ್ತು ವರ್ಷದವರೆಗೂ ಹೋಗಬಹುದು. ದಂಡ ಒಂದು ಲಕ್ಷದಿಂದ ಶುರು. ನಡುವಿನ ತೂಕಕ್ಕೆ ಹತ್ತು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ. ಚರಸ್ಸಿಗೆ ಇದೇ ಮೆಟ್ಟಿಲುಗಳು 100 ಗ್ರಾಮಿಗೆ ಮತ್ತು ಒಂದು ಕಿಲೋಗೆ ಬರುತ್ತವೆ.

ಸಣ್ಣ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆಯೆಂಬುದಿಲ್ಲ. ಬರೀ ದಂಡ ಹಾಕಿ ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಸಾವಿರ ಗ್ರಾಮಿನ ಆ ಗೆರೆ ಮಾತ್ರ ಬಹಳ ಹರಿತ. 990 ಗ್ರಾಮಿಗೆ ಗರಿಷ್ಠ ಒಂದು ವರ್ಷ, 1,010 ಗ್ರಾಮಿಗೆ ಗರಿಷ್ಠ ಹತ್ತು ವರ್ಷ. ಹಾಗಾಗಿ ಚೀಲ, ಪ್ಲಾಸ್ಟಿಕ್ಕು, ಸುತ್ತಿದ ಪೇಪರು ತೆಗೆದ ಮೇಲಿನ ತೂಕ ಎಷ್ಟು ಎಂದು ಕೇಳುವ ಹಕ್ಕು ಆರೋಪಿಯದು, ಕೇಳುವ ಹೊಣೆ ವಕೀಲರದು.

ಈ ಮೆಟ್ಟಿಲುಗಳು ಮೊದಲಿನಿಂದ ಹೀಗೇ ಇರಲಿಲ್ಲ. 1985ರಲ್ಲಿ ಗಾಂಜಾದ ಸಣ್ಣ ಪ್ರಮಾಣ 500 ಗ್ರಾಂ, ಚರಸ್ಸಿನದು ಬರೀ 5 ಗ್ರಾಂ. ಅದಕ್ಕಿಂತ ಒಂದು ಚೂರು ಹೆಚ್ಚು ಚರಸ್ ಸಿಕ್ಕರೂ ಕನಿಷ್ಠ ಹತ್ತು ವರ್ಷ. ಗೋವಾದಲ್ಲಿ ಜರ್ಮನಿಯ ಪ್ರವಾಸಿಯೊಬ್ಬನ ಹತ್ತಿರ 7 ಗ್ರಾಂ ಮತ್ತು 5 ಗ್ರಾಮಿನ ಎರಡು ಚರಸ್ ತುಂಡು ಸಿಕ್ಕಿದ್ದಕ್ಕೆ ಹತ್ತು ವರ್ಷ ಸಜೆಯಾಗಿತ್ತು. ಪ್ರಯೋಗಾಲಯಕ್ಕೆ ಕಳಿಸಿದ್ದು ಒಂದೇ ತುಂಡು, ಅದರ ತೂಕ ಐದು ಗ್ರಾಮಿನೊಳಗೇ ಇತ್ತು, ಇನ್ನೊಂದು ತುಂಡು ಚರಸ್ಸೇ ಎಂಬುದಕ್ಕೆ ಪುರಾವೆಯಿಲ್ಲ ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಗ್ರಾಂ ಲೆಕ್ಕದಲ್ಲಿ ಹೊಂದಿದವನನ್ನೂ ಕ್ವಿಂಟಲ್ ಲೆಕ್ಕದಲ್ಲಿ ಸಾಗಿಸಿದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಈ ದೋಷವನ್ನು ಸಂಸತ್ತು 2001ರಲ್ಲಿ ತಿದ್ದಿತು. ತೂಕಕ್ಕೆ ತಕ್ಕ ಶಿಕ್ಷೆ ಬಂದದ್ದು ಆಗ. 2014ರ ತಿದ್ದುಪಡಿ ಸಣ್ಣ ಪ್ರಮಾಣದ ಗರಿಷ್ಠ ಸಜೆಯನ್ನು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿತು.

ಪುಡಿಯೊಳಗೆ ಏನಿತ್ತು?

ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಂಗಿ ಎನ್‌ಡಿಪಿಎಸ್‌ನ ಹೊರಗೆ ಉಳಿದದ್ದು ಇದರಿಂದಲೇ. ಬೆಂಗಳೂರಿನಲ್ಲಿ 29 ಕಿಲೋ ಭಂಗಿ ಸಿಕ್ಕ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನು ಕೊಡುವಾಗ ಇದನ್ನೇ ಹೇಳಿತು. ಹಾಗೆಂದು ನಮ್ಮ ಕಡೆಯವರು ನಿಶ್ಚಿಂತರಾಗಬಾರದು. ಭಂಗಿಯ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ, ಮಹಾರಾಷ್ಟ್ರದಲ್ಲಿ 1949ರ ದಾರೂಬಂದಿ ಕಾಯಿದೆ ಇದೆ.

ಸಿಕ್ಕ ಮಾಲಿನಲ್ಲಿ ಹೂವಿನ ತುದಿ ಇತ್ತೇ, ಅಥವಾ ಎಲೆ ಕಡ್ಡಿಯನ್ನೆಲ್ಲ ಸೇರಿಸಿ ತೂಗಿದರೇ ಎಂಬ ಪ್ರಶ್ನೆ ತೂಕ ಗೆರೆಯ ಹತ್ತಿರ ಇದ್ದಾಗ ಬಹಳ ಮುಖ್ಯವಾಗುತ್ತದೆ. ಉತ್ತರ ಸಿಗುವುದು ಪ್ರಯೋಗಾಲಯದ ವರದಿಯಲ್ಲಿ. ನಮ್ಮ ಕೋರ್ಟುಗಳಲ್ಲಿ ಅದನ್ನು ಸಿ.ಎ. ರಿಪೋರ್ಟ್ ಅನ್ನುತ್ತಾರೆ. 2022ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮಕ್ಷಮ ತೆಗೆಯಬೇಕು. ಗಾಂಜಾದ ಒಂದು ಮಾದರಿ 24 ಗ್ರಾಂ ಇರಬೇಕು, ಪ್ರತಿ ಮಾದರಿಗೂ ಜೋಡಿ ಇರಬೇಕು. ಇದರಲ್ಲಿ ಲೋಪವಾಗಿದೆಯೇ ಎಂದು ನೋಡದೆ ಯಾರೂ ತಪ್ಪೊಪ್ಪಿಕೊಳ್ಳಬಾರದು.

ದೊಡ್ಡ ರಸ್ತೆ, ಸಣ್ಣ ಕಿಸೆ

ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಸೋಲಾಪುರವನ್ನು ಹಾದುಹೋಗುತ್ತದೆ. ಭುವನೇಶ್ವರದಿಂದ ವಿಶಾಖಪಟ್ಟಣ, ಸಿಕಂದರಾಬಾದ್, ವಾಡಿ, ಕಲಬುರಗಿ ದಾರಿಯಾಗಿ ಮುಂಬೈಗೆ ಹೋಗುವ ಕೋನಾರ್ಕ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. ಆಂಧ್ರ–ಒಡಿಶಾ ಗಡಿಯ ಗುಡ್ಡಗಳಲ್ಲಿ ಬೆಳೆದ ಗಾಂಜಾ ಪಶ್ಚಿಮಕ್ಕೆ ಬರುವ ದಾರಿಗಳಲ್ಲಿ ಇವೂ ಸೇರಿವೆ. ಲಾರಿಯಲ್ಲಿ ಕ್ವಿಂಟಲುಗಟ್ಟಲೆ ಸಿಕ್ಕಾಗ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಊರಿನ ಮಂದಿ ಆ ಫೋಟೊ ನೋಡಿ, ಆ ಶಿಕ್ಷೆಯನ್ನು ಓದಿ, ಕಿಸೆಯಲ್ಲಿ ಪುಡಿ ಇಟ್ಟುಕೊಂಡ ತಮ್ಮ ಮನೆಯ ಹುಡುಗನಿಗೂ ಅದೇ ಗತಿ ಎಂದು ತಿಳಿಯುತ್ತಾರೆ. ವರಾಂಡದ ಆ ಭಯ ಹುಟ್ಟುವುದು ಇಲ್ಲಿ.

ಯಾತ್ರೆಯ ಸಂಗತಿಯನ್ನೂ ಹೇಳಬೇಕು. ಪಂಢರಪುರ, ತುಳಜಾಪುರ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸನ್ನಿಧಿ, ಅಲ್ಲಿಂದ ಅಫಜಲಪುರ ತಾಲೂಕಿನ ಗಾಣಗಾಪುರ: ಈ ಸುತ್ತಿನಲ್ಲಿ ವರ್ಷವಿಡೀ ಸಾಧುಗಳ ಓಡಾಟವಿದೆ, ಕೆಲವರ ಜೋಳಿಗೆಯಲ್ಲಿ ಚಿಲುಮೆಯೂ ಇರುತ್ತದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಸೇದುವ ರೂಢಿಯ ಬಗ್ಗೆ ಪತ್ರಿಕೆಗಳು ಬರೆದಿವೆ. 1893–94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಗಾಂಜಾ ಗಿಡದ ಮಾದಕಗಳ (ಹೆಂಪ್ ಡ್ರಗ್ಸ್) ಆಯೋಗವೂ ಈ ದೇಶದ ಧಾರ್ಮಿಕ ರೂಢಿಗಳನ್ನು ಕೂಲಂಕಷವಾಗಿ ದಾಖಲಿಸಿ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹಿಡಿತದಲ್ಲಿಡಿ ಎಂದು ಶಿಫಾರಸು ಮಾಡಿತ್ತು. ಆದರೆ ಇವತ್ತಿನ ಕಾಯಿದೆಯಲ್ಲಿ ಗಾಂಜಾಕ್ಕೆ ಧರ್ಮದ ವಿನಾಯಿತಿ ಇಲ್ಲ. “ಪ್ರಸಾದಂತ ಕೊಟ್ರು ರೀ” ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಠಾಣೆಯಲ್ಲಿ ತಿಳಿದಿರಬೇಕಾದದ್ದು

ಹತ್ತು ಗ್ರಾಂ ಸಿಕ್ಕರೂ ಠಾಣೆಯಲ್ಲೇ ಜಾಮೀನು ಸಿಗುತ್ತದೆಂದು ನಂಬಬೇಡಿ. ನಟಿ ರಿಯಾ ಚಕ್ರವರ್ತಿಯವರ ಜಾಮೀನು ಅರ್ಜಿಯ ಮೇಲೆ ಮುಂಬೈ ಹೈಕೋರ್ಟು 2020ರ ಅಕ್ಟೋಬರ್ 7ರಂದು ಕೊಟ್ಟ ತೀರ್ಪಿನ ಪ್ರಕಾರ ಈ ಕಾಯಿದೆಯ ಎಲ್ಲ ಅಪರಾಧಗಳೂ ಜಾಮೀನುರಹಿತ. ಅದೇ ತೀರ್ಪಿನ ಇನ್ನೊಂದು ಮಗ್ಗುಲನ್ನೂ ನೆನಪಿಡಬೇಕು. 37ನೇ ಕಲಮಿನ ಬಿಗಿ ಷರತ್ತುಗಳು ವಾಣಿಜ್ಯ ಪ್ರಮಾಣಕ್ಕೂ ಕೆಲವು ಗಂಭೀರ ಅಪರಾಧಗಳಿಗೂ ಮಾತ್ರ. ಸಣ್ಣ ಪ್ರಮಾಣದಲ್ಲಿ ಜಾಮೀನು ಕೊಡಲು ಮ್ಯಾಜಿಸ್ಟ್ರೇಟರಿಗೆ ಆ ತಡೆ ಇಲ್ಲ.

ಮೈಮೇಲಿನ ಬಟ್ಟೆ, ಕಿಸೆ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಅಧಿಕಾರಿ ಹೇಳಲೇಬೇಕು. ಇದು 50ನೇ ಕಲಮು. ಸುಪ್ರೀಂ ಕೋರ್ಟಿನ ಐವರ ಪೀಠ 2010ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಕೈಚೀಲದ ತಪಾಸಣೆಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ನಮ್ಮಂಥ ಗಡಿಯವರಿಗೆ ಇನ್ನೊಂದು ಹಕ್ಕು ಹೆಚ್ಚು ಬೆಲೆಯುಳ್ಳದ್ದು. ಗಡಿ ತಕರಾರನ್ನು ನೋಡಿದ ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆಯನ್ನೂ ದಕ್ಷಿಣ ಸೋಲಾಪುರವನ್ನೂ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಿಸಲು ಶಿಫಾರಸು ಮಾಡಿತ್ತು, ಅದು ಜಾರಿಯಾಗಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬುದು ನಮ್ಮ ಬದುಕು. ಕನ್ನಡ ಮಾತ್ರ ಓದಬಲ್ಲ ಹುಡುಗ ಮರಾಠಿ ಕಾಗದಕ್ಕೆ ಸಹಿ ಹಾಕಿರುವುದನ್ನು ನಾನು ಕಂಡಿದ್ದೇನೆ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಆ ಕ್ಷಣಕ್ಕೆ ಬರೆದುಕೊಡಲು ಆಗದಿದ್ದರೆ ಬಾಯಿಂದ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹದಲ್ಲಿ ಕೊಡಬೇಕು. ಆ ತೀರ್ಪು ಬಂದದ್ದು ಮಹಾರಾಷ್ಟ್ರದ್ದೇ ಪ್ರಕರಣದಲ್ಲಿ. ಅಕ್ಕಲಕೋಟೆ, ಮೈಂದರ್ಗಿ, ದುಧನಿಯ ಕನ್ನಡಿಗರು ಇದನ್ನು ಗಟ್ಟಿಯಾಗಿ ಕೇಳಬೇಕು.

ಕಬೂಲಿಯ ಬೆಲೆ

ಪವರ್‌ಲೂಮಿನ ಹುಡುಗನೊಬ್ಬನ ಕೇಸು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವನ ಹತ್ತಿರ ಸಿಕ್ಕಿದ್ದು ಎರಡು ಪುಡಿ. ತಾರೀಖಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ, ಎರಡು ಸಲ ತಪ್ಪಿಸಿದರೆ ಮಾಲೀಕ ಬೇರೆಯವನನ್ನು ನಿಲ್ಲಿಸುತ್ತಾನೆ. “ಕಬೂಲ್ ಮಾಡಿ ದಂಡ ಕಟ್ಟಿ ಹೊಂಟಬಿಡೂಣ್ರೀ ಅಕ್ಕಾರ” ಎಂದ. ಅವನ ಲೆಕ್ಕದಲ್ಲಿ ಅದು ಸರಿ. ಇಂಥ ಕೇಸನ್ನು ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸಲು ಕಾಯಿದೆಯೂ ಅವಕಾಶ ಕೊಡುತ್ತದೆ. ಒಂದೇ ಮುಂಜಾನೆಯಲ್ಲಿ ಎಲ್ಲ ಮುಗಿಯಬಹುದು.

ಆದರೆ ದಂಡ ಕಟ್ಟಿ ಮುಗಿಸುವುದೆಂದರೆ ಅಪರಾಧಿ ಎಂಬ ತೀರ್ಪನ್ನು ಒಪ್ಪಿಕೊಂಡಂತೆ. ನಾಳೆ ಪೊಲೀಸ್ ಭರತಿಗೆ ಹೋದರೆ, ಸರಕಾರಿ ನೌಕರಿಗೆ ಅರ್ಜಿ ಹಾಕಿದರೆ, ಚಾರಿತ್ರ್ಯ ಪ್ರಮಾಣಪತ್ರ ಕೇಳಿದರೆ ಅದು ಎದುರಿಗೆ ಬರುತ್ತದೆ. ಇನ್ನೊಮ್ಮೆ ಸಿಕ್ಕಿಬಿದ್ದರೆ 31ನೇ ಕಲಮಿನಂತೆ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು ಆಗುತ್ತದೆ, ಅಂದರೆ ಒಂದು ವರ್ಷದ ಜಾಗದಲ್ಲಿ ಒಂದೂವರೆ ವರ್ಷ. ಮುಂಬೈಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಕೇಸುಗಳನ್ನು ನೋಡಿ ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಸಿಕ್ಕವರಲ್ಲಿ ಹೆಚ್ಚಿನವರು ಗಾಂಜಾ ಸೇದಿದವರು, ಬಡವರು, ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವರು.

ಆ ಹುಡುಗನಿಗೆ ನಾನು ಒಂದು ವಾರ ಕಾಯಲು ಹೇಳಿದೆ. ಅವನು ಕಾದ. ಆ ಒಂದು ವಾರದಲ್ಲಿ ನಾವು ಮಾಡಿದ್ದು ಕಾಯಿದೆಯ 64ಎ ಕಲಮನ್ನು ಹಿಡಿದು ಸರಕಾರಿ ಆಸ್ಪತ್ರೆಗೆ ಹೋದದ್ದು.

ಆಸ್ಪತ್ರೆಯ ದಾರಿ, ಮತ್ತು ಅದರ ಗೋಡೆ

64ಎ ಹೇಳುವುದಿಷ್ಟು. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಖಟ್ಲೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ನಟ ಫರ್ದೀನ್ ಖಾನ್ ಅವರ ಮೇಲೆ 2001ರಲ್ಲಿ ಕೊಕೇನ್ ಕೊಳ್ಳಲು ಯತ್ನಿಸಿದ ಆರೋಪ ಬಂದಿತ್ತು. ಮುಂಬೈಯ ವಿಶೇಷ ನ್ಯಾಯಾಲಯ 2012ರಲ್ಲಿ ಅವರಿಗೆ ಕೊಟ್ಟದ್ದು ಇದೇ ರಕ್ಷಣೆ. ಸಿಕ್ಕಿದ್ದು ನ್ಯಾಯವಾಗಿಯೇ ಸಿಕ್ಕಿತು. ಅದೇ ಕಲಮು ಸೋಲಾಪುರದ ಪವರ್‌ಲೂಮಿನ ಹುಡುಗನಿಗೂ ಇದೆ. ಸೋಲಾಪುರದ ಸಿವಿಲ್ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಚೀಟಿಯಿಂದ ಅದು ಶುರುವಾಗಬಹುದು.

ತೀರ್ಪಿನ ಹಂತದಲ್ಲೂ ಒಂದು ಅವಕಾಶವಿದೆ. 39ನೇ ಕಲಮಿನಡಿ ನ್ಯಾಯಾಲಯವು ತಪ್ಪಿತಸ್ಥ ವ್ಯಸನಿಯನ್ನು ಶಿಕ್ಷೆಗೆ ಕಳಿಸುವ ಬದಲು, ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ವರ್ಷದೊಳಗೆ ಚಿಕಿತ್ಸೆಯ ಫಲದ ವರದಿ ಬರಬೇಕು. ಆಮೇಲೆ ಬುದ್ಧಿ ಹೇಳಿ, ಮೂರು ವರ್ಷದವರೆಗಿನ ಮುಚ್ಚಳಿಕೆಯ ಮೇಲೆ ಬಿಡಬಹುದು.

ಇಲ್ಲೇ ಒಂದು ಗೋಡೆಯೂ ಇದೆ, ನನ್ನನ್ನು ಬಹಳ ಕಾಡುವಂಥದ್ದು. ಎರಡೂ ಕಲಮುಗಳು ವ್ಯಸನಿಗೆ ಮಾತ್ರ. ಗೆಳೆಯರ ಜೊತೆ ಮೊದಲ ಸಲ ಪುಡಿ ಕೊಂಡ ಕಾಲೇಜು ಹುಡುಗ ವ್ಯಸನಿಯಲ್ಲ, ಅವನಿಗೆ ಇವು ಒದಗುವುದಿಲ್ಲ. ಬೇರೆ ಅಪರಾಧಗಳಲ್ಲಿ ಮೊದಲ ಸಲ ತಪ್ಪಿದವರಿಗೆ 1958ರ ಪ್ರೊಬೇಷನ್ ಕಾಯಿದೆಯಡಿ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಸಿಗಬಹುದು. ಎನ್‌ಡಿಪಿಎಸ್‌ನ 33ನೇ ಕಲಮು ಅದನ್ನೂ ತಡೆಯುತ್ತದೆ. ಆರೋಪಿಗೆ 18 ತುಂಬಿರಬಾರದು, ಇಲ್ಲವೇ ಶಿಕ್ಷೆ 26 ಅಥವಾ 27ನೇ ಕಲಮಿನಡಿ ಆಗಿರಬೇಕು ಎಂಬುದು ಅದರ ಷರತ್ತು. 27ನೇ ಕಲಮು ಸೇವನೆಯದು. ಗಾಂಜಾ ಸೇವನೆಗೆ ಗರಿಷ್ಠ ಆರು ತಿಂಗಳು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಸೇದಿ ಮುಗಿಸಿದವನಿಗೆ ಪ್ರೊಬೇಷನ್ ಉಂಟು, ಅದೇ ಪುಡಿ ಕಿಸೆಯಲ್ಲಿ ಉಳಿದವನಿಗೆ ಇಲ್ಲ. ಇನ್ನೊಂದು ಕಡೆ, 20ನೇ ಕಲಮು ಮಾರುವವನನ್ನೂ ಇಟ್ಟುಕೊಂಡವನನ್ನೂ ಬೇರೆ ಮಾಡುವುದಿಲ್ಲ. 900 ಗ್ರಾಂ ಮಾರುತ್ತಿದ್ದವನಿಗೂ 9 ಗ್ರಾಂ ಇಟ್ಟುಕೊಂಡವನಿಗೂ ಕಾಯಿದೆಯ ಮಿತಿ ಒಂದೇ.

ಹೊಲದ ನಡುವೆ ನಾಲ್ಕು ಗಿಡ

ಹಳ್ಳಿಯವರು ತಪ್ಪು ತಿಳಿದಿರುವ ಒಂದು ಸಂಗತಿಯಿದೆ. ತೊಗರಿ ಸಾಲಿನ ನಡುವೆ, ಕಬ್ಬಿನ ಒಳಗೆ, ಹಿತ್ತಿಲಲ್ಲಿ ನಾಲ್ಕು ಗಿಡ ಇದ್ದರೆ ಅದೂ ಸಣ್ಣ ಪ್ರಮಾಣವೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಗಿಡ ಬೆಳೆಸುವುದಕ್ಕೆ ತೂಕದ ಮೆಟ್ಟಿಲೇ ಇಲ್ಲ. 20(ಎ) ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ನಾಲ್ಕು ಗಿಡದ ಆಸೆಗೆ ಹೊಲದ ಒಡೆಯ ಸೆಷನ್ಸ್ ಕೋರ್ಟಿನ ಮೆಟ್ಟಿಲೇರುತ್ತಾನೆ.

ಬದಲಾಗಬೇಕಾದದ್ದು

ಗಾಂಜಾ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ವರ್ಷದೊಳಗೆ ಭಂಗಿ, ಗಾಂಜಾ, ಚರಸ್ ಬಳಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಮಂದಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಿತ್ತು. ಎಳೆ ವಯಸ್ಸಿನಲ್ಲಿ ಶುರುವಾದ ಚಟ ಮನಸ್ಸನ್ನು ಕೆಡಿಸಿದ್ದನ್ನು ನನ್ನ ಕಕ್ಷಿದಾರರಲ್ಲೇ ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ಅವರಿಗೆ ವೈದ್ಯರು ಬೇಕು.

ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಕ್ರಿಮಿನಲ್ ಅಪರಾಧವೆಂದು ನೋಡುವುದನ್ನು ಬಿಟ್ಟು, ಅಂಥವರನ್ನು ಆರೋಗ್ಯ, ಸಮಾಜಸೇವೆಯ ತಿಳಿವಳಿಕೆಯಿರುವ ಸಮಿತಿಯ ಮುಂದೆ ಕಳಿಸುತ್ತಿದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಮಿನವರೆಗೆ ಇಟ್ಟುಕೊಂಡು ಓಡಾಡಬಹುದು. ನಾವು ಅಷ್ಟು ದೂರ ಹೋಗಬೇಕೆಂದು ನನ್ನ ವಾದವಿಲ್ಲ. 33ನೇ ಕಲಮಿಗೆ ಒಂದು ಸಾಲು ಸೇರಿಸಿ, ಸ್ವಂತಕ್ಕೆ ಇಟ್ಟುಕೊಂಡ ಸಣ್ಣ ಪ್ರಮಾಣಕ್ಕೂ ಪ್ರೊಬೇಷನ್ ಸಿಗುವಂತೆ ಮಾಡಲಿ. ಅದು ಸಂಸತ್ತಿನ ಕೆಲಸ.

ಸಂಸತ್ತಿಗೆ ಕಾಯದೆ ಇಲ್ಲೇ ಮಾಡಬಹುದಾದದ್ದೂ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಸಹಾಯವಾಣಿ 15100, ವ್ಯಸನಮುಕ್ತಿಯದು 14446. ಈ ಎರಡು ಸಂಖ್ಯೆಗಳನ್ನೂ 64ಎ ಕಲಮಿನ ಸಾರವನ್ನೂ ಮರಾಠಿ, ಕನ್ನಡ, ಉರ್ದು, ತೆಲುಗಿನಲ್ಲಿ ಬರೆದು ಸೋಲಾಪುರ ಜಿಲ್ಲೆಯ ಪ್ರತಿ ಠಾಣೆಯಲ್ಲೂ ಪ್ರತಿ ಕೋರ್ಟಿನ ವರಾಂಡದಲ್ಲೂ ಹಚ್ಚಬೇಕು. ಸಣ್ಣ ಪ್ರಮಾಣದ ಕೇಸಿನಲ್ಲಿ ಕಬೂಲಿ ಬರೆದುಕೊಳ್ಳುವ ಮೊದಲು “ಚಿಕಿತ್ಸೆ ಪಡೆಯಲು ಇಷ್ಟವಿದೆಯೇ?” ಎಂದು ಆರೋಪಿಯನ್ನು ಅವನ ಭಾಷೆಯಲ್ಲಿ ಕೇಳಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಕೇಳಿದ ದಿನದಿಂದಲೇ ಎಷ್ಟೋ ಹುಡುಗರು ಅಪರಾಧಿಗಳ ಪಟ್ಟಿಗೆ ಸೇರುವ ಬದಲು ಆಸ್ಪತ್ರೆಯ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ.